ಮರಳಿ ದೀಕ್ಷೆಗೆ ಬಂದ ಶ್ರೀ ಸಮಂತಭದ್ರ ಸ್ವಾಮಿಗಳು

ಕನ್ನಡ ನಾಡಿನ ಜೈನ ಕವಿಗಳು ತಮ್ಮ ಕಾವ್ಯಗಳ ಆರಂಭದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವಾಗ ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದ ಎಂಬ ಮೂವರ ಹೆಸರುಗಳನ್ನು ಒಟ್ಟಾಗಿ ಹೇಳುವುದು ವಾಡಿಕೆ. ಈ ಮೂವರಲ್ಲಿ ಮೊದಲಿಗರಾದ ಶ್ರೀ ಸಮಂತಭದ್ರ ಸ್ವಾಮಿಗಳನ್ನು ವಿದ್ವಾಂಸರು ಆಪ್ತಮೀಮಾಂಸೆಯ ಕರ್ತೃವೆಂದು ಗೌರವಿಸುತ್ತಾರೆ. ಗೃಹಸ್ಥರಿಗೆ ಅವರು ರತ್ನಕರಂಡಕ ಶ್ರಾವಕಾಚಾರದ ಮೂಲಕ ಪರಿಚಿತರು. ವ್ರತವೆಂದರೇನು, ಉಪವಾಸವೆಂದರೇನು, ಅತಿಚಾರವೆಂದರೇನು ಎಂಬುದನ್ನು ಶ್ರಾವಕರಿಗೆ 150 ಶ್ಲೋಕಗಳಲ್ಲಿ ತಿಳಿಸಿಕೊಟ್ಟ ಗ್ರಂಥವದು. ಇಂತಹ ಮಹಾಪುರುಷರ ಬಾಳಿನಲ್ಲಿ ಒಮ್ಮೆ ಮಹಾವ್ರತವೇ ನಿಂತುಹೋಗಿತ್ತು. ಪಿಂಛವನ್ನು ಕೆಳಗಿಟ್ಟು, ಮುನಿವೇಷವನ್ನು ತೊರೆದು, ಅನ್ನವನ್ನು ಅರಸಿ ಊರೂರು ಅಲೆಯಬೇಕಾದ ಕಾಲ ಅವರಿಗೂ ಬಂದಿತ್ತು. ಆ ಕಾಲ ಕಳೆದ ಮೇಲೆ ಅವರು ಮೊದಲಿನಿಂದ ದೀಕ್ಷೆಯನ್ನು ಸ್ವೀಕರಿಸಿದರು. ವ್ರತವು ಕೈಜಾರಿತೆಂದು ಕುಗ್ಗಿ ಕುಳಿತವರಿಗೆ ಈ ಚರಿತ್ರೆಗಿಂತ ಹಿತವಾದ ಇನ್ನೊಂದು ಚರಿತ್ರೆ ದೊರೆಯುವುದು ಕಷ್ಟ.

ಜನನ ಮತ್ತು ದೀಕ್ಷೆ

ಸಮಂತಭದ್ರರ ಕಾಲ ಕ್ರಿ.ಶ. 2ನೆಯ ಶತಮಾನವೆಂದು ಸಂಪ್ರದಾಯವು ನಂಬುತ್ತದೆ. ಅದಕ್ಕಿಂತ ಈಚಿನ ಶತಮಾನಗಳನ್ನು ಹೇಳುವ ವಿದ್ವಾಂಸರೂ ಇದ್ದಾರೆ. ಅವರು ದಕ್ಷಿಣ ದೇಶದವರೆಂಬುದರಲ್ಲಿ ವಿವಾದವಿಲ್ಲ. ಶ್ರವಣಬೆಳಗೊಳದ ಶಾಸ್ತ್ರಭಂಡಾರವೊಂದರಲ್ಲಿದ್ದ ಆಪ್ತಮೀಮಾಂಸೆಯ ಓಲೆಪ್ರತಿಯ ಕೊನೆಯಲ್ಲಿ, ಗ್ರಂಥಕರ್ತರು ಫಣಿಮಂಡಲಕ್ಕೆ ಅಲಂಕಾರಪ್ರಾಯವಾದ ಉರಗಪುರದ ಅರಸನ ಮಗನೆಂದು ಬರೆದಿದೆ. ಈ ಉರಗಪುರವು ತಮಿಳು ನಾಡಿನಲ್ಲಿ ಕಾವೇರಿಯ ತೀರದ ಉರೈಯೂರೇ ಎಂದು ಹಲವರ ಅಭಿಪ್ರಾಯ. ಸ್ತುತಿವಿದ್ಯೆ ಎಂಬ ಅವರ ಚಿತ್ರಕಾವ್ಯದ ಕೊನೆಯ ಪದ್ಯವನ್ನು ಚಕ್ರದ ಆಕಾರದಲ್ಲಿ ಬರೆದು ನಿಯತ ಸ್ಥಾನಗಳ ಅಕ್ಷರಗಳನ್ನು ಕೂಡಿಸಿದರೆ ಶಾಂತಿವರ್ಮನೆಂಬ ಹೆಸರು ಹೊರಡುತ್ತದೆ. ಅದೇ ಅವರ ಗೃಹಸ್ಥಾಶ್ರಮದ ನಾಮವಿದ್ದಿರಬೇಕು.

ರಾಜಪುತ್ರನಾಗಿ ಹುಟ್ಟಿದವರು ರಾಜ್ಯವನ್ನು ಬಯಸಲಿಲ್ಲ. ನಿರ್ಗ್ರಂಥ ದೀಕ್ಷೆಯನ್ನು ಪಡೆದು ಇಪ್ಪತ್ತೆಂಟು ಮೂಲಗುಣಗಳನ್ನು ಧರಿಸಿದರು. ತರ್ಕ, ವ್ಯಾಕರಣ, ಛಂದಸ್ಸು, ಅಲಂಕಾರಗಳಲ್ಲಿ ಅವರಿಗಿದ್ದ ಪಾಂಡಿತ್ಯಕ್ಕೆ ಅವರ ಗ್ರಂಥಗಳೇ ಸಾಕ್ಷಿ. ಕನ್ನಡದ ರಾಜಾವಳಿ ಕಥೆಯು ಅವರು ಮಣುವಕಹಳ್ಳಿ ಎಂಬ ಗ್ರಾಮದಲ್ಲಿ ತಪೋನಿರತರಾಗಿದ್ದ ದಿನಗಳಿಂದ ಮುಂದಿನ ವೃತ್ತಾಂತವನ್ನು ಹೇಳುತ್ತದೆ. ಆ ಕೃತಿಯನ್ನು ರಚಿಸಿದವರು 19ನೆಯ ಶತಮಾನದಲ್ಲಿದ್ದ ಕನಕಗಿರಿಯ ದೇವಚಂದ್ರರು. ಅದಕ್ಕೂ ಬಹಳ ಹಿಂದೆ, 11ನೆಯ ಶತಮಾನದ ಪ್ರಭಾಚಂದ್ರರ ಸಂಸ್ಕೃತ ಕಥಾಕೋಶದಲ್ಲಿಯೂ ಇದೇ ವೃತ್ತಾಂತವು ಕೆಲವು ಭೇದಗಳೊಡನೆ ಬಂದಿದೆ. ಎರಡು ಕಥೆಗಳ ತಿರುಳು ಒಂದೇ.

ಭಸ್ಮಕ ವ್ಯಾಧಿ

ಮುನಿಗಳ ಆಹಾರದ ನಿಯಮಗಳು ಶ್ರಾವಕರಿಗೆ ತಿಳಿದವೇ ಆಗಿವೆ. ಹಗಲಿನಲ್ಲಿ ಒಂದೇ ಸಲ, ನಿಂತುಕೊಂಡು, ಕೈಗಳೆರಡನ್ನೂ ಪಾತ್ರೆಯಾಗಿಸಿಕೊಂಡು, ಶ್ರಾವಕರು ಭಕ್ತಿಯಿಂದ ನೀಡಿದ್ದನ್ನು ಸ್ವೀಕರಿಸಬೇಕು. ಕೂದಲು ಕಂಡರೆ, ಜೀವಜಂತು ಕಂಡರೆ ಅಂತರಾಯ. ಅಲ್ಲಿಗೆ ಆ ದಿನದ ಆಹಾರ ಮುಗಿಯಿತು. ಮೂವತ್ತೆರಡು ತುತ್ತುಗಳಿಗೆ ಮೀರಬಾರದು. ಉದರವನ್ನು ನಾಲ್ಕು ಭಾಗವಾಗಿ ಭಾವಿಸಿ ಎರಡನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು, ಉಳಿದೊಂದನ್ನು ವಾಯುಸಂಚಾರಕ್ಕೆ ಬರಿದಾಗಿ ಬಿಡಬೇಕೆಂದು ಮೂಲಾಚಾರವು ವಿಧಿಸುತ್ತದೆ.

ಇಂತಹ ಮಿತಾಹಾರದಲ್ಲಿ ನಡೆಯುತ್ತಿದ್ದ ಸಮಂತಭದ್ರರಿಗೆ ಅಸಾತಾ ವೇದನೀಯ ಕರ್ಮದ ತೀವ್ರ ಉದಯದಿಂದ ಭಸ್ಮಕ ವ್ಯಾಧಿಯು ಸಂಭವಿಸಿತು. ಆಯುರ್ವೇದ ಗ್ರಂಥಗಳು ಈ ವ್ಯಾಧಿಯನ್ನು ಅತ್ಯಗ್ನಿ ಎಂದೂ ಕರೆಯುತ್ತವೆ. ಶರೀರದಲ್ಲಿ ಕಫವು ಕ್ಷೀಣಿಸಿ, ಪಿತ್ತವು ವಾತದೊಡನೆ ಕೂಡಿ ಕೆರಳಿದಾಗ ಜಠರಾಗ್ನಿಯು ಮಿತಿಮೀರಿ ಉರಿಯುತ್ತದೆ. ತಿಂದ ಅನ್ನವು ಒಡನೆಯೇ ಭಸ್ಮವಾಗುತ್ತದೆ. ಅನ್ನವಿಲ್ಲದಿದ್ದರೆ ಆ ಅಗ್ನಿಯು ರಕ್ತಮಾಂಸಾದಿ ಧಾತುಗಳನ್ನೇ ಸುಡತೊಡಗುತ್ತದೆ. ಬಾಯಾರಿಕೆ, ಉರಿ, ಮೂರ್ಛೆಗಳು ಇದರ ಲಕ್ಷಣಗಳು. ಜಡವಾದ, ಜಿಡ್ಡುಳ್ಳ, ತಂಪಾದ, ಸಿಹಿಯಾದ ಪದಾರ್ಥಗಳನ್ನು ಹೇರಳವಾಗಿ, ಮತ್ತೆ ಮತ್ತೆ ಉಣಿಸಿ ಕಫವನ್ನು ವೃದ್ಧಿಪಡಿಸುವುದೇ ಅದಕ್ಕೆ ಹೇಳಿರುವ ಚಿಕಿತ್ಸೆ.

ವ್ಯಾಧಿಯ ಚಿಕಿತ್ಸೆಯೂ ಮುನಿಧರ್ಮದ ನಿಯಮವೂ ಹೀಗೆ ಒಂದಕ್ಕೊಂದು ಎದುರಾಗಿ ನಿಂತವು. ಮತ್ತೆ ಮತ್ತೆ ಉಣ್ಣಬೇಕೆಂದು ಶರೀರವು ಕೂಗುತ್ತಿತ್ತು. ಒಂದೇ ಬಾರಿಯೆಂದು ವ್ರತವು ಕಟ್ಟಿಹಾಕಿತ್ತು. ತಮಗೆ ಇಂತಹುದೇ ಬೇಕೆಂದು ಶ್ರಾವಕರನ್ನು ಕೇಳುವಂತಿರಲಿಲ್ಲ. ಕೇಳದೆ ಯಾರೂ ಅಷ್ಟನ್ನು ನೀಡುವಂತಿರಲಿಲ್ಲ. ಕ್ಷುಧೆಯು ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದು. ಅದನ್ನು ಗೆಲ್ಲುವುದೇ ಮುನಿಯ ಶೌರ್ಯವೆಂದು ಬಗೆದು ಅವರು ಕೆಲವು ಕಾಲ ಮೌನವಾಗಿ ಸಹಿಸಿದರು. ಆದರೆ ದಿನದಿನಕ್ಕೆ ಶರೀರವು ಸೊರಗಿತು. ಸಾಮಾಯಿಕದಲ್ಲಿ ಸ್ಥಿರವಾಗಿ ಕುಳಿತುಕೊಳ್ಳುವ ಶಕ್ತಿಯೂ ಕುಂದತೊಡಗಿದಾಗ ಆವಶ್ಯಕ ಕ್ರಿಯೆಗಳಿಗೇ ಹಾನಿಯಾಗುವುದೆಂಬುದು ಅವರಿಗೆ ಸ್ಪಷ್ಟವಾಯಿತು.

ಗುರುಗಳ ಆಜ್ಞೆ

ಆಗ ಅವರ ಮುಂದೆ ಮೂರು ದಾರಿಗಳಿದ್ದವು. ಮುನಿವೇಷದಲ್ಲಿಯೇ ಇದ್ದು ಗುಟ್ಟಾಗಿ ನಿಯಮವನ್ನು ಸಡಿಲಿಸುವುದು ಒಂದು. ವ್ರತವನ್ನು ಕಾಪಾಡಿಕೊಂಡು ಸಲ್ಲೇಖನದಿಂದ ದೇಹವನ್ನು ಬಿಡುವುದು ಇನ್ನೊಂದು. ವ್ರತವನ್ನು ಬಹಿರಂಗವಾಗಿ ಇಳಿಸಿಟ್ಟು, ರೋಗವನ್ನು ಗುಣಪಡಿಸಿಕೊಂಡು, ಮರಳಿ ಬರುವುದು ಮೂರನೆಯದು. ಮೊದಲನೆಯದನ್ನು ಅವರು ಮನಸ್ಸಿಗೂ ತಂದುಕೊಳ್ಳಲಿಲ್ಲ. ಎರಡನೆಯದನ್ನೇ ನಿಶ್ಚಯಿಸಿ ಗುರುಗಳ ಬಳಿಗೆ ಹೋಗಿ, ತಮ್ಮ ಸ್ಥಿತಿಯನ್ನು ಒಂದನ್ನೂ ಬಿಡದೆ ನಿವೇದಿಸಿ, ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು.

ಗುರುಗಳು ಅಪ್ಪಣೆಯನ್ನು ಕೊಡಲಿಲ್ಲ. ಅವರು ತಮ್ಮ ಜ್ಞಾನಬಲದಿಂದ ಶಿಷ್ಯನಿಗೆ ಇನ್ನೂ ಆಯುಷ್ಯವಿದೆಯೆಂದೂ, ಈತನಿಂದ ಜಿನಶಾಸನದ ಪ್ರಭಾವನೆಯು ಬಹಳವಾಗಿ ಆಗಬೇಕಾಗಿದೆಯೆಂದೂ ಅರಿತಿದ್ದರೆಂದು ಕಥೆಯು ಹೇಳುತ್ತದೆ. ಸದ್ಯಕ್ಕೆ ಮುನಿಪದವನ್ನು ಬಿಟ್ಟು, ಎಲ್ಲಿ ಯಾವ ವೇಷದಲ್ಲಿದ್ದರೆ ತಕ್ಕ ಆಹಾರ ದೊರೆಯುವುದೋ ಅಲ್ಲಿದ್ದು ರೋಗವನ್ನು ಶಮನಗೊಳಿಸಿಕೊಳ್ಳಬೇಕೆಂದೂ, ರೋಗವು ತೀರಿದೊಡನೆ ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಮತ್ತೆ ದೀಕ್ಷೆಯನ್ನು ಪಡೆಯಬೇಕೆಂದೂ ಆಜ್ಞಾಪಿಸಿದರು.

ಈ ಆಜ್ಞೆಯ ಹಿಂದಿನ ಧರ್ಮಸೂಕ್ಷ್ಮವು ಮುಂದೆ ರತ್ನಕರಂಡಕದಲ್ಲಿಯೇ ಕಾಣಸಿಗುತ್ತದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಧರ್ಮರಕ್ಷಣೆಗಾಗಿ ದೇಹವನ್ನು ತ್ಯಜಿಸುವುದು ಸಲ್ಲೇಖನವೆಂದು ಅಲ್ಲಿ ಹೇಳಿದೆ. ಆದರೆ ಇವು ಪ್ರತೀಕಾರವಿಲ್ಲದವುಗಳಾಗಿರಬೇಕೆಂಬ ನಿಬಂಧನೆಯೂ ಅಲ್ಲಿಯೇ ಇದೆ. ಪರಿಹಾರವಿರುವ ಕಷ್ಟಕ್ಕೆ ಸಲ್ಲೇಖನವು ಉತ್ತರವಾಗದು. ಸಮಂತಭದ್ರರ ರೋಗಕ್ಕೆ ಪರಿಹಾರವಿತ್ತು. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಬಹಳ ದೊಡ್ಡದಾಗಿತ್ತು. ವ್ರತಭಂಗದ ಅವಮಾನಕ್ಕಿಂತ ಮರಣವು ಲೇಸೆಂದು ತೋರುವುದು ಅಭಿಮಾನಿಗಳಿಗೆ ಸಹಜ. ಆ ಅಭಿಮಾನವನ್ನೂ ಗುರುಚರಣದಲ್ಲಿ ಒಪ್ಪಿಸಿ ಬದುಕಬೇಕಾಗಿ ಬಂದದ್ದು ಅವರಿಗೆ ಒದಗಿದ ಮೊದಲನೆಯ ಕಠಿಣ ಪರೀಕ್ಷೆ.

ವೇಷಾಂತರದ ದಿನಗಳು

ಸಮಂತಭದ್ರರು ಗುರುವಚನವನ್ನು ಶಿರಸಾ ವಹಿಸಿ, ಭಾರವಾದ ಮನಸ್ಸಿನಿಂದ ಸಂಘವನ್ನು ಬಿಟ್ಟು ಹೊರಟರು. ಕಥಾಕೋಶದ ಪ್ರಕಾರ ಅವರು ಕಾಂಚಿಯಿಂದ ಉತ್ತರಾಭಿಮುಖವಾಗಿ ನಡೆದು ಪುಂಡ್ರ ದೇಶದಲ್ಲಿ ಬೌದ್ಧ ಭಿಕ್ಷುವಾಗಿ, ದಶಪುರದಲ್ಲಿ ಪರಿವ್ರಾಜಕನಾಗಿ, ಕೊನೆಗೆ ವಾರಾಣಸಿಯಲ್ಲಿ ಭಸ್ಮಧಾರಿಯಾದ ಶೈವ ತಪಸ್ವಿಯಾಗಿ ಇದ್ದರು. ಮೊದಲಿನ ಎರಡು ಕಡೆಗಳಲ್ಲಿ ದೊರೆತ ಆಹಾರವು ರೋಗಕ್ಕೆ ಸಾಲಲಿಲ್ಲ. ವಾರಾಣಸಿಯಲ್ಲಿ ಶಿವಕೋಟಿ ಮಹಾರಾಜನ ದೇವಾಲಯದಲ್ಲಿ ನಿತ್ಯವೂ ಅರ್ಪಿಸುತ್ತಿದ್ದ ರಾಶಿ ನೈವೇದ್ಯವನ್ನು ಕಂಡು ಅಲ್ಲಿ ನೆಲೆಸಿದರು. ರಾಜಾವಳಿ ಕಥೆಯಾದರೋ ಈ ಶಿವಕೋಟಿಯ ರಾಜಧಾನಿಯನ್ನು ಕಾಂಚಿಯೆಂದೇ ಹೇಳಿ, ದೇವಾಲಯವನ್ನು ಭೀಮಲಿಂಗದ ಗುಡಿಯೆಂದು ಕರೆಯುತ್ತದೆ. ಅಲ್ಲಿ ಪ್ರತಿದಿನ ಹನ್ನೆರಡು ಖಂಡುಗ ಅಕ್ಕಿಯ ಅನ್ನವು ವಿನಿಯೋಗವಾಗುತ್ತಿತ್ತೆಂದೂ ಅದು ತಿಳಿಸುತ್ತದೆ.

ಸಮಂತಭದ್ರರು ಆ ನೈವೇದ್ಯವನ್ನು ದೇವರಿಗೇ ಉಣಿಸುವುದಾಗಿ ರಾಜನಿಗೆ ಹೇಳಿ, ಗರ್ಭಗೃಹದ ಬಾಗಿಲನ್ನು ಮುಚ್ಚಿಕೊಂಡು ಅದೆಲ್ಲವನ್ನೂ ತಾವೇ ಉಂಡರು. ಬಾಗಿಲು ತೆರೆದಾಗ ಒಂದಗುಳೂ ಉಳಿದಿರಲಿಲ್ಲ. ರಾಜನು ಆಶ್ಚರ್ಯದಿಂದ ಮರುದಿನ ಇನ್ನೂ ಉತ್ತಮವಾದ ಭಕ್ಷ್ಯಗಳನ್ನು ಕಳುಹಿಸಿದನು. ಹೀಗೆ ದಿನಗಳು ಕಳೆದವು. ಗುರುತರವಾದ ಆಹಾರದಿಂದ ಜಠರಾಗ್ನಿಯು ಮೆಲ್ಲಮೆಲ್ಲನೆ ಶಾಂತವಾಯಿತು. ಅಗ್ನಿಯು ತಗ್ಗಿದಷ್ಟೂ ನೈವೇದ್ಯವು ಮಿಗತೊಡಗಿತು. ಮಿಕ್ಕ ಅನ್ನವೇ ಅವರ ಆರೋಗ್ಯದ ಕುರುಹಾಯಿತು. ಅವರ ಗುಟ್ಟನ್ನು ಹೊರಗೆಡಹಿದ್ದೂ ಅದೇ.

ಪುರಾತನ ಕಥೆಗಾರರು ಈ ಭಾಗವನ್ನು ಮರೆಮಾಚದೆ ಬರೆದಿದ್ದಾರೆ. ಅನ್ಯರ ವೇಷವನ್ನು ಧರಿಸಿದ್ದು, ಅನ್ಯರ ನೈವೇದ್ಯವನ್ನು ಉಂಡದ್ದು, ಅರಸನಿಗೆ ನಿಜವನ್ನು ಹೇಳದೆ ಇದ್ದದ್ದು ದೋಷಗಳೇ ಸರಿ. ಆಪದ್ಧರ್ಮವೆಂಬ ಒಂದು ಮಾತಿನಿಂದ ಅವುಗಳನ್ನು ಗುಣಗಳನ್ನಾಗಿ ಮಾಡುವ ಪ್ರಯತ್ನವು ಕಥೆಯಲ್ಲಿಲ್ಲ. ಮುಂದೆ ಪ್ರಾಯಶ್ಚಿತ್ತವು ಬೇಕಾದದ್ದು ಅವು ದೋಷಗಳಾಗಿದ್ದುದರಿಂದಲೇ. ಆದರೆ ಈ ಎಲ್ಲ ದಿನಗಳಲ್ಲಿಯೂ ಅವರ ಅಂತರಂಗದ ಶ್ರದ್ಧೆಯು ಅಲುಗಲಿಲ್ಲ. ಚಾರಿತ್ರವು ಜಾರಿದ್ದರೂ ದರ್ಶನವು ಜಾರಿರಲಿಲ್ಲ. ಬೂದಿ ಮುಚ್ಚಿದ ಕೆಂಡದ ಒಳಗಿನ ತೇಜಸ್ಸನ್ನು ರತ್ನಕರಂಡಕದಲ್ಲಿ ಸಮ್ಯಗ್ದರ್ಶನಕ್ಕೆ ಉಪಮಾನವಾಗಿ ಹೇಳಿದೆ; ಮೈಗೆಲ್ಲ ಭಸ್ಮವನ್ನು ಬಳಿದುಕೊಂಡಿದ್ದ ಅವರ ಆ ದಿನಗಳಿಗೆ ಆ ಉಪಮಾನವು ಬಹಳ ಒಪ್ಪುತ್ತದೆ.

ಚಂದ್ರಪ್ರಭ ದರ್ಶನ

ನೈವೇದ್ಯವು ಮಿಗುತ್ತಿರುವುದನ್ನು ಕೇಳಿ ರಾಜನಿಗೆ ಸಂಶಯ ಮೂಡಿತು. ಈ ತಪಸ್ವಿಯು ಅನ್ನವನ್ನು ತಾನೇ ಉಣ್ಣುತ್ತಾನೆ, ದೇವರಿಗೆ ನಮಸ್ಕಾರವನ್ನೂ ಮಾಡುವುದಿಲ್ಲವೆಂದು ಅರಮನೆಗೆ ದೂರು ಹೋಯಿತು. ಶಿವಕೋಟಿಯು ಕೋಪದಿಂದ ಬಂದು, ಎಲ್ಲರ ಸಮಕ್ಷಮದಲ್ಲಿ ನಮಸ್ಕರಿಸಬೇಕೆಂದು ಆಜ್ಞಾಪಿಸಿದನು. ಪ್ರಾಣಕ್ಕೆ ಅಪಾಯವಿದ್ದರೂ ಸಮಂತಭದ್ರರು ಹಿಂಜರಿಯಲಿಲ್ಲ. ರಾಗದ್ವೇಷಗಳನ್ನು ಗೆದ್ದ ಜಿನೇಶ್ವರರಿಗಲ್ಲದೆ ತಮ್ಮ ತಲೆ ಬಾಗದೆಂಬ ನಿಶ್ಚಯದಿಂದ ಇಪ್ಪತ್ತನಾಲ್ಕು ತೀರ್ಥಂಕರರ ಸ್ತುತಿಯನ್ನು ಆರಂಭಿಸಿದರು. ಎಂಟನೆಯ ತೀರ್ಥಂಕರರಾದ ಶ್ರೀ ಚಂದ್ರಪ್ರಭರ ಸ್ತುತಿಗೆ ಬಂದಾಗ, ನೆರೆದವರೆಲ್ಲರೂ ನೋಡುತ್ತಿರುವಂತೆಯೇ ಆ ಸ್ಥಾನದಲ್ಲಿ ಚಂದ್ರಪ್ರಭ ಜಿನಬಿಂಬವು ಪ್ರಕಟವಾಯಿತೆಂದು ಕಥೆಗಳು ಹೇಳುತ್ತವೆ. ಆ ಸಂದರ್ಭದಲ್ಲಿ ಹೊರಹೊಮ್ಮಿದ ಸ್ತುತಿಯೇ 143 ಪದ್ಯಗಳ ಸ್ವಯಂಭೂ ಸ್ತೋತ್ರವೆಂದು ಪ್ರಸಿದ್ಧಿಯಿದೆ.

ವಿಸ್ಮಿತನಾದ ರಾಜನು ಅವರು ಯಾರೆಂದು ಕೇಳಿದಾಗ ಸಮಂತಭದ್ರರು ಏನನ್ನೂ ಬಚ್ಚಿಡಲಿಲ್ಲ. ಕಾಂಚಿಯಲ್ಲಿ ದಿಗಂಬರನಾಗಿದ್ದುದನ್ನೂ, ಆ ಬಳಿಕ ಯಾವ ಯಾವ ಊರಿನಲ್ಲಿ ಯಾವ ಯಾವ ವೇಷವನ್ನು ಧರಿಸಿದರೆಂಬುದನ್ನೂ ಒಂದೊಂದಾಗಿ ಎಣಿಸಿ ಸಭೆಯ ಮುಂದೆ ಹೇಳಿದರೆಂದು ಕಥಾಕೋಶದಿಂದ ತಿಳಿಯುತ್ತದೆ. ಜಯದ ಗಳಿಗೆಯಲ್ಲಿ ತನ್ನ ಪತನವನ್ನು ಮರೆಮಾಡುವುದು ಲೋಕರೂಢಿ. ಸ್ತುತಿಗೆ ಓಗೊಟ್ಟು ಜಿನಬಿಂಬವೇ ಪ್ರಕಟವಾದ ಮೇಲೆ ಹಳೆಯ ವೇಷಗಳನ್ನು ಎಣಿಸಿ ಹೇಳೆಂದು ಅವರನ್ನು ಯಾರು ಬಲವಂತಪಡಿಸುತ್ತಿದ್ದರು? ಆದರೂ ಅವರು ಹೇಳಿದರು. ತನ್ನ ದೋಷವನ್ನು ತಾನೇ ಬಾಯಿಬಿಟ್ಟು ಹೇಳುವ ಆಲೋಚನೆಯು ಪ್ರಾಯಶ್ಚಿತ್ತದ ಮೊದಲನೆಯ ಮೆಟ್ಟಿಲು. ಅವರು ಅದನ್ನು ರಾಜಸಭೆಯಲ್ಲಿಯೇ ಏರಿದರು.

ಶಿವಕೋಟಿಯು ಜಿನಧರ್ಮದಲ್ಲಿ ಶ್ರದ್ಧೆಯುಳ್ಳವನಾಗಿ ಮುಂದೆ ರಾಜ್ಯವನ್ನು ಮಗನಾದ ಶ್ರೀಕಂಠನಿಗೆ ಒಪ್ಪಿಸಿ, ತಮ್ಮನಾದ ಶಿವಾಯನನೊಡನೆ ಮುನಿದೀಕ್ಷೆಯನ್ನು ಪಡೆದನೆಂದು ರಾಜಾವಳಿ ಕಥೆಯು ತಿಳಿಸುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಪಾರ್ಶ್ವನಾಥ ಬಸದಿಯ ಮಲ್ಲಿಷೇಣ ಪ್ರಶಸ್ತಿಯು 1129ರದು. ಭಸ್ಮಕವನ್ನೇ ಭಸ್ಮ ಮಾಡಿದವರೆಂದೂ, ಪದ್ಮಾವತೀ ದೇವಿಯಿಂದ ಉನ್ನತ ಪದವಿಯನ್ನು ಪಡೆದವರೆಂದೂ, ತಮ್ಮ ಮಂತ್ರರೂಪವಾದ ವಚನಗಳಿಂದ ಚಂದ್ರಪ್ರಭರನ್ನು ಆಹ್ವಾನಿಸಿದವರೆಂದೂ ಅದು ಸಮಂತಭದ್ರರನ್ನು ಕೊಂಡಾಡುತ್ತದೆ. ಸುಮಾರು ಒಂಬೈನೂರು ವರ್ಷಗಳಷ್ಟು ಹಿಂದೆಯೇ ನಮ್ಮ ನಾಡಿನ ಹಿರಿಯರು ಈ ವೃತ್ತಾಂತವನ್ನು ನಾಚಿಕೆಯ ಸಂಗತಿಯೆಂದು ಭಾವಿಸದೆ ಗೌರವದಿಂದ ಸ್ಮರಿಸುತ್ತಿದ್ದರೆಂಬುದಕ್ಕೆ ಇದು ನಿದರ್ಶನ.

ಮತ್ತೆ ಮೊದಲಿನಿಂದ

ರೋಗವು ಹೋಯಿತು, ರಾಜನು ಶಿಷ್ಯನಾದನು. ಆ ನಗರದಲ್ಲಿಯೇ ರಾಜಗುರುವಾಗಿ ಸುಖದಿಂದಿರಲು ಅಡ್ಡಿಯಿರಲಿಲ್ಲ. ಶರೀರವು ಇನ್ನೂ ಸ್ವಲ್ಪ ಬಲಗೊಳ್ಳಲೆಂದು ಕಾಯಬಹುದಾಗಿತ್ತು. ಆದರೆ ಗುರುಗಳ ಆಜ್ಞೆಯಲ್ಲಿ ವ್ರತವನ್ನು ಇಳಿಸಿಡಲು ಇದ್ದ ಅನುಮತಿಯು ರೋಗ ತೀರುವವರೆಗೆ ಮಾತ್ರ ಇತ್ತು. ರೋಗ ತೀರಿತು, ಅನುಮತಿಯೂ ತೀರಿತು. ಸಮಂತಭದ್ರರು ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಮತ್ತೊಮ್ಮೆ ದಿಗಂಬರ ದೀಕ್ಷೆಯನ್ನು ಸ್ವೀಕರಿಸಿದರು.

ಮರುದೀಕ್ಷೆಯೆಂದರೆ ಬಿಟ್ಟ ಕಡೆಯಿಂದ ಮುಂದುವರಿಯುವುದೆಂದು ಅರ್ಥವಲ್ಲ. ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುತ್ತದೆ. ಅವು ಆಲೋಚನೆಯಿಂದ ಆರಂಭವಾಗಿ ಉಪಸ್ಥಾಪನೆಯಲ್ಲಿ ಮುಗಿಯುತ್ತವೆ. ಛೇದವೆಂಬ ಪ್ರಾಯಶ್ಚಿತ್ತದಲ್ಲಿ ದೀಕ್ಷೆಯ ಕಾಲದಿಂದ ಕೆಲವು ದಿನಗಳನ್ನೋ ತಿಂಗಳುಗಳನ್ನೋ ಕಡಿಮೆ ಮಾಡುತ್ತಾರೆ. ಉಪಸ್ಥಾಪನೆಯಲ್ಲಿ ಹಿಂದಿನ ದೀಕ್ಷೆಯ ಕಾಲವೆಲ್ಲವೂ ಲೆಕ್ಕದಿಂದ ಹೋಗುತ್ತದೆ. ಸಂಘದಲ್ಲಿ ವಂದನೆಯು ವಯಸ್ಸನ್ನಾಗಲಿ ಪಾಂಡಿತ್ಯವನ್ನಾಗಲಿ ನೋಡದೆ ದೀಕ್ಷೆಯ ಹಿರಿತನವನ್ನು ಅನುಸರಿಸುತ್ತದೆ. ಮರುದೀಕ್ಷಿತನು ಅಂದು ಹುಟ್ಟಿದ ಮುನಿ. ನಿನ್ನೆ ತನಗೆ ವಂದಿಸುತ್ತಿದ್ದ ಕಿರಿಯರಿಗೆ ಇಂದು ತಾನು ವಂದಿಸಬೇಕು. ವಾದಿಗಳನ್ನು ಗೆಲ್ಲಬಲ್ಲ ಪಂಡಿತನಾದರೂ ಸಂಘದ ಸಾಲಿನಲ್ಲಿ ಕೊನೆಯವನಾಗಿ ನಿಲ್ಲಬೇಕು.

ಸಾಮಾನ್ಯರು ಮತ್ತೆ ಆರಂಭಿಸಲು ಹಿಂಜರಿಯುವುದು ಬಹುತೇಕ ಇಲ್ಲಿಯೇ. ವ್ರತದ ಕಷ್ಟಕ್ಕೆ ಅವರು ಅಂಜುವುದಿಲ್ಲ. ಹಿಂದೆ ಗಳಿಸಿದ್ದು ಹೋಯಿತಲ್ಲಾ ಎಂಬ ದುಃಖವೂ, ಇತರರು ಏನೆಂದಾರು ಎಂಬ ಸಂಕೋಚವೂ ಅವರನ್ನು ಹಿಡಿದು ನಿಲ್ಲಿಸುತ್ತವೆ. ಸಮಂತಭದ್ರರು ಹೋದ ವರ್ಷಗಳ ಲೆಕ್ಕವನ್ನು ಬಿಟ್ಟುಕೊಟ್ಟರು. ಹಿರಿತನವು ಹೋದರೂ ವ್ರತವು ದೊರೆಯಿತೆಂಬುದೇ ಅವರಿಗೆ ಸಾಕಾಗಿತ್ತು.

ಮರುದೀಕ್ಷೆಯ ನಂತರದ ಕಾರ್ಯ

ಒಮ್ಮೆ ಪದಚ್ಯುತನಾದವನ ಮಾತಿಗೆ ಬೆಲೆಯೆಲ್ಲಿಯದು ಎಂದು ಶಂಕಿಸುವವರಿಗೆ ಅವರ ಮುಂದಿನ ಬಾಳು ಉತ್ತರ ಕೊಟ್ಟಿತು. ವಾದಭೇರಿಯನ್ನು ಬಾರಿಸುತ್ತ ಅವರು ಪಾಟಲಿಪುತ್ರ, ಮಾಲವ, ಸಿಂಧು, ಠಕ್ಕ, ಕಾಂಚಿ, ವಿದಿಶೆಗಳಲ್ಲಿ ಸಂಚರಿಸಿ ವಿದ್ವಜ್ಜನರಿಂದ ತುಂಬಿದ ಕರಹಾಟಕಕ್ಕೆ ಬಂದರೆಂದು ಮಲ್ಲಿಷೇಣ ಪ್ರಶಸ್ತಿಯು ತಿಳಿಸುತ್ತದೆ. ಈ ಕರಹಾಟಕವೇ ಇಂದಿನ ಸಾತಾರಾ ಜಿಲ್ಲೆಯ ಕರಾಡ. ಅವರು ವರ್ಧಮಾನ ಸ್ವಾಮಿಯ ತೀರ್ಥವನ್ನು ಸಾವಿರ ಮಡಿ ಬೆಳಗಿಸಿದರೆಂದು ಬೇಲೂರಿನ 1137ರ ಶಾಸನವು ಹೊಗಳುತ್ತದೆ.

ಅವರ ಆಪ್ತಮೀಮಾಂಸೆಯು ಕೇವಲ 114 ಕಾರಿಕೆಗಳ ಗ್ರಂಥ. ಅದಕ್ಕೆ ಅಕಲಂಕ ದೇವರು ಅಷ್ಟಶತಿಯನ್ನೂ, ಅದನ್ನೊಳಗೊಂಡು ವಿದ್ಯಾನಂದ ಸ್ವಾಮಿಗಳು ಅಷ್ಟಸಹಸ್ರಿಯನ್ನೂ ರಚಿಸಿದರು. ಯುಕ್ತ್ಯನುಶಾಸನ, ಸ್ತುತಿವಿದ್ಯೆಗಳೂ ಅವರ ಕೃತಿಗಳೇ. ಇವೆಲ್ಲವೂ ಪಂಡಿತರ ಸೊತ್ತು. ಮನೆಮನೆಯ ಶ್ರಾವಕ ಶ್ರಾವಿಕೆಯರಿಗಾಗಿ ಉಳಿದುಬಂದದ್ದು ಸಂಪ್ರದಾಯವು ಅವರದೆಂದೇ ಗೌರವಿಸುವ ರತ್ನಕರಂಡಕ.

ಈ ಚರಿತ್ರೆಯನ್ನು ನೆನಪಿನಲ್ಲಿಟ್ಟುಕೊಂಡು ಆ ಗ್ರಂಥವನ್ನು ಓದಿದರೆ ಹಲವು ಸ್ಥಳಗಳು ಹೊಸ ಅರ್ಥವನ್ನು ಕೊಡುತ್ತವೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವು ಒಂದು. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವರನ್ನು ಧರ್ಮವತ್ಸಲರಾದವರು ಮತ್ತೆ ಅಲ್ಲಿಯೇ ನೆಲೆಗೊಳಿಸುವುದು ಅದರ ಲಕ್ಷಣ. ಇದಕ್ಕೆ ದೃಷ್ಟಾಂತ ವಾರಿಷೇಣ ಮುನಿಗಳು. ಬಿಟ್ಟು ಬಂದ ಹೆಂಡತಿಯ ನೆನಪಿನಲ್ಲಿಯೇ ಇದ್ದ ಪುಷ್ಪಡಾಲನನ್ನು ಅವರು ಮುನಿಧರ್ಮದಲ್ಲಿ ಸ್ಥಿರಗೊಳಿಸಿದರು. ಜಾರಿದವನನ್ನು ನಿಂದಿಸಿ ದೂರವಿಡುವುದು ಸಮ್ಯಗ್ದೃಷ್ಟಿಯ ಲಕ್ಷಣವೆಂದು ಆ ಗ್ರಂಥವು ಎಲ್ಲಿಯೂ ಹೇಳಲಿಲ್ಲ. ಗುರುಗಳು ಸಮಂತಭದ್ರರಿಗೆ ಮಾಡಿದ ಉಪಕಾರವೂ ಸ್ಥಿತಿಕರಣವೇ ಆಗಿದೆ.

ವ್ರತಗಳಿಗೆ ಕಾಲವನ್ನು ಗೊತ್ತುಮಾಡುವಲ್ಲಿಯೂ ಅದೇ ಕಾರುಣ್ಯವಿದೆ. ಜೀವಾವಧಿಯ ತ್ಯಾಗವು ಯಮ. ಅವಧಿಯಿಟ್ಟುಕೊಂಡು ಮಾಡುವ ತ್ಯಾಗವು ನಿಯಮ. ಈ ಹೊತ್ತು, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಹೀಗೆ ಅವಧಿಗಳನ್ನು ಅಲ್ಲಿ ಎಣಿಸಿದೆ. ವರ್ಷಕ್ಕೊಂದೇ ಬಾಗಿಲನ್ನು ತೆರೆದಿಟ್ಟು ಉಳಿದ ದಿನಗಳಲ್ಲಿ ಮುಚ್ಚಿದ ವಿಧಾನವು ಅಲ್ಲಿಲ್ಲ. ಅಹಿಂಸಾಣುವ್ರತಕ್ಕೆ ಹೆಸರಿಸಿದ ಮಾತಂಗನ ಕಥೆಯನ್ನು ನೋಡಿರಿ. ಕೊಲೆಗಾರನ ವೃತ್ತಿಯಲ್ಲಿದ್ದ ಯಮಪಾಲನು ಕೈಗೊಂಡದ್ದು ಚತುರ್ದಶಿಯ ಒಂದು ದಿನ ಕೊಲ್ಲೆನೆಂಬ ನಿಯಮವನ್ನು ಮಾತ್ರ. ಅಷ್ಟನ್ನೇ ಪ್ರಾಣಭಯಕ್ಕೂ ಬಿಡದೆ ಪಾಲಿಸಿ ದೇವತೆಗಳಿಂದ ಪೂಜಿತನಾದನು.

ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರವನ್ನೂ ಮರೆವನ್ನೂ ಸೇರಿಸಿದೆ. ಮರೆವಿನಿಂದ ವ್ರತವು ಮಲಿನವಾಗುತ್ತದೆ. ಆ ಕೊಳೆಯನ್ನು ತೊಳೆಯಬಹುದು. ಒಂದು ಕಲೆ ಬಿದ್ದಿತೆಂದು ಬಟ್ಟೆಯನ್ನೇ ಬೀದಿಗೆ ಎಸೆಯುವ ಗೃಹಿಣಿಯಿಲ್ಲ.

ಶ್ರಾವಕರಿಗೆ ಬೋಧೆ

ನಮ್ಮ ಮನೆಗಳಲ್ಲಿ ನಡೆಯುವುದನ್ನು ಸ್ವಲ್ಪ ವಿಚಾರಿಸಬೇಕು. ಅಷ್ಟಾಹ್ನಿಕದಲ್ಲಿ ಏಕಾಶನವನ್ನು ಹಿಡಿದವರು ಮೂರನೆಯ ದಿನ ಜ್ವರದಿಂದ ತಪ್ಪಿದರೆ ಉಳಿದ ದಿನಗಳನ್ನೂ ಬಿಟ್ಟುಬಿಡುತ್ತಾರೆ. ಕಾರ್ತಿಕದಲ್ಲಿ ತಪ್ಪಿತು, ಇನ್ನು ಫಾಲ್ಗುಣಕ್ಕೆ ನೋಡೋಣವೆನ್ನುತ್ತಾರೆ. ಫಾಲ್ಗುಣವು ಆಷಾಢವಾಗುತ್ತದೆ. ರಾತ್ರಿಭೋಜನ ತ್ಯಾಗವು ಪ್ರಯಾಣದಲ್ಲಿ ಒಮ್ಮೆ ಮುರಿದರೆ, ಹೇಗೂ ಮುರಿಯಿತೆಂದು ಮನೆಗೆ ಬಂದ ಮೇಲೂ ದೀಪ ಹಚ್ಚಿ ಉಣ್ಣುವವರಿದ್ದಾರೆ. ಕೈಗೊಂಡ ನೋಂಪಿಯು ನಡುವೆ ನಿಂತರೆ ಉದ್ಯಾಪನೆಯಾಗಲಿಲ್ಲವೆಂಬ ಕೊರಗನ್ನು ಹಲವು ವರ್ಷ ಹೊತ್ತು ತಿರುಗುವ ತಾಯಂದಿರಿದ್ದಾರೆ. ಒಂದು ದಿನದ ಲೋಪವು ಇವರನ್ನು ವ್ರತದಿಂದ ದೂರಮಾಡಲಿಲ್ಲ. ಆ ಲೋಪದ ಮರುದಿನದಿಂದ ಕಾಯುತ್ತ ಕಳೆದ ತಿಂಗಳುಗಳೇ ಅವರನ್ನು ದೂರಮಾಡಿದವು.

ಸಮಂತಭದ್ರ ಸ್ವಾಮಿಗಳ ಚರಿತ್ರೆಯು ಇವರಿಗೆ ಒಂದು ಕ್ರಮವನ್ನು ತೋರಿಸುತ್ತದೆ. ಶಕ್ತಿ ಮೀರಿದಾಗ ಗುಟ್ಟಾಗಿ ಮುರಿಯದೆ ಗುರುಗಳಲ್ಲಿಯೋ ಹಿರಿಯರಲ್ಲಿಯೋ ಹೇಳಬೇಕು. ರೋಗವಿದ್ದರೆ ಔಷಧವನ್ನು ಸೇವಿಸಬೇಕು. ರೋಗಿಯ ಹಟವು ತಪಸ್ಸಾಗದು. ಇಳಿಸಿಟ್ಟ ವ್ರತವನ್ನು ಯಾವಾಗ ಮರಳಿ ಎತ್ತಿಕೊಳ್ಳಬೇಕೆಂಬುದನ್ನು ಇಳಿಸುವಾಗಲೇ ನಿಶ್ಚಯಿಸಬೇಕು. ಕಾರಣವು ತೀರಿದೊಡನೆ, ಹಬ್ಬಹುಣ್ಣಿಮೆಗಳನ್ನು ಕಾಯದೆ, ಆಲೋಚನೆ ಪ್ರಾಯಶ್ಚಿತ್ತಗಳನ್ನು ಮಾಡಿಕೊಂಡು ಮತ್ತೆ ಆರಂಭಿಸಬೇಕು. ಹೋದದ್ದನ್ನು ಲೆಕ್ಕದಲ್ಲಿ ಹಿಡಿಯಬಾರದು. ಹಾಗೆಂದು ಮರಳಿ ಹಿಡಿಯಬಹುದೆಂಬ ಧೈರ್ಯದಿಂದ ವ್ರತವನ್ನು ಹಗುರವಾಗಿ ಬಿಡುವವರಿಗೆ ಈ ಕಥೆಯು ಆಶ್ರಯ ಕೊಡುವುದಿಲ್ಲ. ವ್ರತವನ್ನು ಬಿಡುವುದಕ್ಕಿಂತ ಪ್ರಾಣವನ್ನು ಬಿಡಲು ಸಿದ್ಧರಾಗಿದ್ದವರ ಕಥೆಯಿದು.

ಕಾಂಚಿಯೋ ವಾರಾಣಸಿಯೋ, ಆ ಗುಡಿಯ ಬಾಗಿಲನ್ನು ದಾಟಿ ಹೊರಬಂದ ದಿನ ಸಮಂತಭದ್ರರ ಕೈಯಲ್ಲಿ ಪಿಂಛವಿರಲಿಲ್ಲ, ಕಮಂಡಲುವಿರಲಿಲ್ಲ, ದೀಕ್ಷೆಯ ಒಂದು ದಿನದ ಹಿರಿತನವೂ ಇರಲಿಲ್ಲ. ಅಲ್ಲಿಂದ ಮುಂದೆ ಅವರು ನಡೆದ ದಾರಿಯಲ್ಲಿ ಇಂದಿಗೂ ಶ್ರಾವಕ ಸಮಾಜವು ನಡೆಯುತ್ತಿದೆ. ಇಂದು ಅಷ್ಟಮಿಯಲ್ಲದಿದ್ದರೂ, ಚತುರ್ದಶಿಯಲ್ಲದಿದ್ದರೂ, ಈ ಸಂಜೆ ಸೂರ್ಯಾಸ್ತಕ್ಕೆ ಮೊದಲು ಊಟವನ್ನು ಮುಗಿಸಿ ಜಿನಬಿಂಬದ ಮುಂದೆ ಕೈಮುಗಿದು, ನಿಂತುಹೋದ ನಿಯಮವನ್ನು ಮತ್ತೆ ಹಿಡಿಯಲು ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಭವ್ಯಜನರು ಈ ಮಹಾಮುನಿಗಳ ಚರಿತ್ರೆಯನ್ನು ಮನನ ಮಾಡಿ, ಬಿಟ್ಟ ವ್ರತವನ್ನು ಇಂದೇ ಮರಳಿ ಸ್ವೀಕರಿಸಿ ಆತ್ಮಕಲ್ಯಾಣವನ್ನು ಸಾಧಿಸುವಂತಾಗಲಿ.